ಮೂರನ್ನು ಎರಡೆಂದು ಓದಿದ್ದು

ಪುರಾತತ್ವದ ಕೆಲಸದಲ್ಲಿದ್ದವನನ್ನು ಜನ ಮೊದಲು ಕೇಳುವುದು ಒಂದೇ ಮಾತು: ಬಂಗಾರ ಸಿಕ್ಕಿತಾ? ನನಗೆ ಇಡೀ ನೌಕರಿಯಲ್ಲಿ ಒಂದು ಗುಂಜಿ ಬಂಗಾರವೂ ಸಿಕ್ಕಲಿಲ್ಲ. ಸಿಕ್ಕಿದ್ದು ಕಲ್ಲು, ಮಡಕೆಯ ಚೂರು, ಬೂದಿ, ಮೂಳೆ. ಅವನ್ನೂ ನಾನು ಅಗೆದು ತೆಗೆದವನಲ್ಲ. ನಾನು ನಕ್ಷೆಗಾರ. ಅಗೆಯುವವರು ಬೇರೆ, ವರದಿ ಬರೆಯುವವರು ಬೇರೆ. ನಡುವೆ ನಿಂತು ಅಳೆದು, ಅಳೆದದ್ದನ್ನು ಕಾಗದಕ್ಕೆ ಇಳಿಸುವವನು ನಾನು. ನಕ್ಷೆಯ ಕೆಳಗಿನ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ನನ್ನ ಹೆಸರು ಇರುತ್ತಿತ್ತು.

ಈಚೆಗೆ ಈ ಕೆಲಸಕ್ಕೆ ಸೇರಿದ ನಾಲ್ಕೈದು ಮಂದಿ ಬಂದು, ನಿಮ್ಮ ಕಾಲದಲ್ಲಿ ಹೇಗಿತ್ತು ಬರೆದುಕೊಡಿ ಎಂದು ಕೇಳಿದರು. ಯಾವ ವರ್ಷ ಬಡ್ತಿ ಬಂತು, ಯಾರು ತಡೆದರು, ಅದೆಲ್ಲ ನಿಮಗೆ ಬೇಡ. ನಾನು ಕೆಡಿಸಿದ ಕೆಲಸಗಳನ್ನೇ ಹೇಳುತ್ತೇನೆ. ಅವುಗಳಲ್ಲಿ ಎರಡು ಸಣ್ಣವು. ಒಂದು ಸಣ್ಣದಲ್ಲ.

ರಾಜ್ಯ ಒಂದುಗೂಡಿದ ಮೇಲೆ ನಮ್ಮಂಥವರನ್ನು ಮೈಸೂರು ಕಡೆಯಿಂದ ಹೈದರಾಬಾದು ಕಡೆಗೆ ಕಳಿಸತೊಡಗಿದರು. ನಾನು ಮಂಡ್ಯದ ಕಡೆಯವನು. ಮಳವಳ್ಳಿಯಿಂದಾಚೆಗೆ ಹೆಚ್ಚು ಓಡಾಡಿದವನೂ ಅಲ್ಲ. ವಾಡಿ ಜಂಕ್ಷನ್ನಿನಲ್ಲಿ ಇಳಿದು ಶಹಾಬಾದಿನ ಗಾಡಿಗೆ ಕಾಯುತ್ತಿದ್ದಾಗ ಚಹಾದವನೊಬ್ಬ, ‘ಕುಂದ್ರಿ, ಗಾಡಿ ಇನ್ನಾ ಬಂದಿಲ್ಲ’ ಎಂದ. ನನ್ನನ್ನು ಗದರಿಸಿದ ಎಂದುಕೊಂಡು ನಾನು ನಿಂತೇ ಇದ್ದೆ. ಆ ‘ರಿ’ಯಲ್ಲಿ ಎಷ್ಟು ಮರ್ಯಾದೆ ಇದೆ ಎಂದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು.

ಕಷ್ಟವಾದದ್ದು ಮಾತಿಗಿಂತ ಕಾಗದ. ಹಳ್ಳಿಗಳ ನಕಾಶೆ, ಹೊಲಗಳ ದಾಖಲೆ ಎಲ್ಲ ನಿಜಾಮರ ಕಾಲದವು, ಉರ್ದುವಿನಲ್ಲಿದ್ದವು. ಎಲ್ಲಿ ಅಳತೆ ಮಾಡಿದರೂ ಅದು ಯಾವ ಸರ್ವೆ ನಂಬರಿನ ಹೊಲ ಎಂದು ಬರೆಯಬೇಕು. ಅದಕ್ಕೆ ಆ ನಕಾಶೆಯನ್ನೇ ನೋಡಬೇಕು. ನಾನು ಶಹಾಬಾದಿನ ಪೇಟೆಯಲ್ಲಿ ಒಂದು ಉರ್ದು ಬಾಲಬೋಧೆ ಕೊಂಡು ಹದಿನೈದು ದಿನದಲ್ಲಿ ಅಂಕಿಗಳನ್ನು ಕಲಿತೆ. ಅಂಕಿಗಳನ್ನು ಮಾತ್ರ. ನಮ್ಮ ಅಧಿಕಾರಿ ವೆಂಕೋಬರಾಯರು ಇದನ್ನು ಕೇಳಿ ಬೇರೆ ಕಚೇರಿಯವರ ಮುಂದೆ, ‘ನಮ್ಮ ಹುಡುಗ ಹದಿನೈದು ದಿನದಲ್ಲಿ ಉರ್ದು ಕಲಿತುಬಿಟ್ಟ’ ಎಂದು ಹೇಳಿಕೊಂಡರು. ಅಂಕಿ ಮಾತ್ರ ಸರ್, ಅಕ್ಷರ ಬರುವುದಿಲ್ಲ ಎಂದು ನಾನು ಹೇಳಬಹುದಿತ್ತು. ಹೊಗಳಿಕೆ ಹಿತವಾಗಿತ್ತು, ಸುಮ್ಮನಿದ್ದೆ.

ವೆಂಕೋಬರಾಯರ ಬಗ್ಗೆ ಎರಡು ಮಾತು ಹೇಳಬೇಕು. ಬೆಂಗಳೂರಿನವರು, ಸಣಕಲು ಮೈ, ಬಿಸಿಲಿಗೆ ಟವೆಲನ್ನು ತಲೆಗೆ ಸುತ್ತಿಕೊಂಡು ನಮಗಿಂತ ಮುಂದೆ ನಡೆಯುವವರು. ಬೈಯುತ್ತಿರಲಿಲ್ಲ. ತಪ್ಪು ಮಾಡಿದವನ ಮುಖವನ್ನು ಒಂದು ಗಳಿಗೆ ನೋಡಿ ಬೇರೆ ಕಡೆ ತಿರುಗುತ್ತಿದ್ದರು. ಬೈದಿದ್ದರೇ ವಾಸಿ ಅನ್ನಿಸುತ್ತಿತ್ತು.

ಮೊದಲ ತಪ್ಪು ಕಾಗಿಣಾ ನದಿಯ ದಂಡೆಯಲ್ಲಿ, ಸೇಡಮ್ ಕಡೆಯಲ್ಲಿ ಆಯಿತು. ದಂಡೆ ಕುಸಿದು ಒಳಗಿನ ಹರಳು ಕಲ್ಲಿನ ಪದರ ಹೊರಗೆ ಕಾಣುತ್ತಿತ್ತು. ಅದರ ಎತ್ತರ ಅಳೆಯುವುದು ನನ್ನ ಕೆಲಸ. ಬೆಳಗಿನಿಂದ ಅಳತೆಯ ಸರಪಳಿ ಎಳೆದು, ಮೇಜಿನ ಮೇಲೆ ಕಾಗದ ಹಾಸಿ ಗೆರೆ ಹಾಕಿದೆ. ಮೇಜಿನ ಒಂದು ಕಾಲು ಅಲ್ಲಾಡುತ್ತಿತ್ತೆಂದು ಕೆಳಗೆ ಬಿದ್ದಿದ್ದ ಒಂದು ಕಲ್ಲನ್ನು ಅದಕ್ಕೆ ಕೊಟ್ಟಿದ್ದೆ. ಮಧ್ಯಾಹ್ನ ವೆಂಕೋಬರಾಯರು ಬಂದವರು ನಕ್ಷೆಯನ್ನು ನೋಡಲೇ ಇಲ್ಲ. ಕೂತು ಆ ಕಲ್ಲನ್ನು ಮೆಲ್ಲಗೆ ಎಳೆದು ತೆಗೆದು, ಮಣ್ಣು ಒರೆಸಿ, ನನ್ನ ಅಂಗೈಯಲ್ಲಿ ಇಟ್ಟರು.

‘ಮುಚ್ಚು ಕೈ’ ಎಂದರು.

ಮುಚ್ಚಿದೆ. ಬೆರಳುಗಳಿಗೆ ಜಾಗ ಮಾಡಿಟ್ಟ ಹಾಗೆ ಕೂತಿತು. ಒಂದು ತುದಿ ಚೂಪು, ಎರಡೂ ಬದಿಯಿಂದ ಚಕ್ಕೆ ಎಬ್ಬಿಸಿದ ಗುರುತು. ಮನುಷ್ಯ ಬೇಸಾಯ ಮಾಡುವುದಕ್ಕೆ, ಮಡಕೆ ಮಾಡುವುದಕ್ಕೆ, ಮನೆ ಕಟ್ಟುವುದಕ್ಕೆ ಎಷ್ಟೋ ಮೊದಲು ಯಾರೋ ಕೂತು ಮಾಡಿದ ಕೈಗೊಡಲಿ. ನಾನು ಅದರಿಂದ ಮೇಜು ನಿಲ್ಲಿಸಿದ್ದೆ. ಅದು ಯಾವ ಪದರದಲ್ಲಿ ಬಿದ್ದಿತ್ತು ಎಂದು ಅವರು ಕೇಳಿದರು. ನನಗೆ ನೆನಪಿರಲಿಲ್ಲ. ಎತ್ತಿಕೊಂಡ ಜಾಗ ಗೊತ್ತಿಲ್ಲದ ಮೇಲೆ ಆ ಕೊಡಲಿಯ ಬೆಲೆ ಅರ್ಧಕ್ಕೆ ಇಳಿಯಿತು. ಅವರು ನನ್ನ ಮುಖ ನೋಡಿ ನದಿಯ ಕಡೆ ತಿರುಗಿದರು.

ಎರಡನೆಯದು ಚಿಂಚೋಳಿ ಕಡೆ, ಚಿಮ್ಮನಚೋಡದಿಂದ ಅಷ್ಟು ದೂರವಿಲ್ಲದ ಒಂದು ದಿಬ್ಬ. ದನ ಸಾಕುತ್ತ, ಒಂದಿಷ್ಟು ಕಾಳು ಬೆಳೆಯುತ್ತ, ಮೊದಲ ಸಲ ಒಂದೇ ಕಡೆ ನೆಲೆ ನಿಂತ ಜನರ ಊರು ಅದು. ದುಂಡನೆಯ ಗುಡಿಸಲುಗಳ ನೆಲ, ಕಂಬ ನೆಟ್ಟ ಗುಳಿಗಳು, ಬೀಸುವ ಕಲ್ಲು ಸಿಕ್ಕವು. ಮಣ್ಣು ಹೊರಲು ಸುತ್ತಿನ ಹೆಂಗಸರು ಬರುತ್ತಿದ್ದರು. ಅವರಲ್ಲಿ ಸಾಬಮ್ಮ ಎಂಬ ನಡುವಯಸ್ಸಿನವಳು ಮಾತು ಕಡಿಮೆ, ಕಣ್ಣು ಚುರುಕು. ಒಂದು ದಿನ ಗುಡಿಸಲ ನೆಲದಲ್ಲಿ ಮಡಕೆಯ ಹೊಟ್ಟೆ ಕಾಣಿಸಿತು. ಕೂಲಿಯವನು ಸುತ್ತ ಬಿಡಿಸಲು ಹಾರೆ ಎತ್ತಿದ. ಸಾಬಮ್ಮ ಬುಟ್ಟಿ ಇಳಿಸಿ ಅಡ್ಡ ಬಂದಳು.

‘ಹಾರಿ ಹಾಕಬ್ಯಾಡ. ಅದು ಕೂಸಿನ ಗಡಿಗಿ ಅದ.’

‘ನಿನಗೆ ಹೇಗೆ ಗೊತ್ತಮ್ಮ?’ ಎಂದೆ.

‘ನೀರಿನ ಗಡಿಗಿ ಆಗಿದ್ರ ಬಾಯಿ ತೆರದು ಇರ್ತಿತ್ರಿ. ಇದರ ಬಾಯಿ ಮುಚ್ಯಾರ. ಒಲಿ ಮಗ್ಗಲಿಗೇ ಇಟ್ಟಾರ ನೋಡ್ರಿ. ದೂರ ಒಯ್ಯಲಿಕ್ಕಿ ಮನಸ್ಸು ಬಂದಿಲ್ಲ ತಾಯಿಗಿ.’ ಬುಟ್ಟಿಗೆ ಬಗ್ಗಿ, ‘ನಂದೂ ಒಂದು ಹಿತ್ತಲದಾಗೇ ಅದರಿ’ ಎಂದು ಬುಟ್ಟಿ ತಲೆಗೇರಿಸಿಕೊಂಡು ಹೋದಳು.

ಒಳಗೆ ಹಕ್ಕಿಯದರಷ್ಟು ಸಣ್ಣ ಮೂಳೆಗಳಿದ್ದವು. ಬುರುಡೆ ಮೊಟ್ಟೆಯ ಸಿಪ್ಪೆಯಂತೆ ಒಡೆದಿತ್ತು. ಇನ್ನೂ ಲೋಹ ಗೊತ್ತಿಲ್ಲದ ಜನ ಕೂಸನ್ನು ಮನೆಯೊಳಗೇ ಇಟ್ಟುಕೊಂಡಿದ್ದರು. ಆ ದಿನ ನಾವು ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ನನ್ನ ತಪ್ಪು ಅದರ ಮರುದಿನದ್ದು. ಚಿತ್ರ ಬರೆಯಲು ಗೆರೆ ಸ್ಪಷ್ಟವಾಗಿ ಕಾಣಬೇಕೆಂದು ಅಲ್ಲಿ ಸಿಕ್ಕಿದ ಅಡುಗೆಯ ಮಡಕೆಗಳನ್ನೆಲ್ಲ ಬ್ರಷ್ಷು ಹಾಕಿ ತಿಕ್ಕಿ ತೊಳೆದೆ. ಒಳಗೆ ಸೀದ ಅಡುಗೆಯ ಕರಿಯ ಹಕ್ಕಳೆ ಅಂಟಿತ್ತು. ಅದನ್ನೂ ಕೆರೆದು ತೆಗೆದೆ. ಒಲೆಯ ಇದ್ದಿಲನ್ನು ಆ ಮಣ್ಣಿನ ಜೊತೆ ಆಚೆ ಚೆಲ್ಲಿಸಿದೆ. ಯಾರೂ ಬೇಡ ಅನ್ನಲಿಲ್ಲ, ಆಗ ಎಲ್ಲರೂ ಮಾಡುತ್ತಿದ್ದದ್ದೇ ಅದು. ಆ ಇದ್ದಿಲಿನಿಂದ ಕಾಲ ಹೇಳಬಹುದು, ಆ ಹಕ್ಕಳೆಯಿಂದ ಅವರು ಏನು ಉಣ್ಣುತ್ತಿದ್ದರು ಎಂದು ಹೇಳಬಹುದು ಎಂಬುದು ನಮ್ಮ ಕಡೆಗೆ ಬಂದದ್ದು ಆಮೇಲೆ. ಈಗ ನೀವು ಮಣ್ಣನ್ನು ಜರಡಿ ಹಿಡಿಯುತ್ತೀರಿ, ಇದ್ದಿಲಿನ ಚೂರನ್ನು ಕೈ ತಾಗಿಸದೆ ಹಾಳೆಯಲ್ಲಿ ಸುತ್ತಿಡುತ್ತೀರಿ. ಅದನ್ನು ನೋಡಿದಾಗಲೆಲ್ಲ ನನಗೆ ಆ ಮಡಕೆ ತೊಳೆದ ಕರಿ ನೀರು ಹೊಲದಲ್ಲಿ ಹರಿದುಹೋದದ್ದು ಕಣ್ಣಿಗೆ ಬರುತ್ತದೆ. ಅದು ಅಜ್ಞಾನದಿಂದ ಆದದ್ದು. ಅದಕ್ಕೆ ನನ್ನನ್ನು ನಾನು ಕ್ಷಮಿಸಿಕೊಂಡಿದ್ದೇನೆ.

ಮೂರನೆಯದು ಅಜ್ಞಾನದಿಂದ ಆದದ್ದಲ್ಲ.

ಭಂಕೂರಿನಿಂದ ಆಚೆಗೆ ಒಂದು ಹಳ್ಳಿ. ಹೆಸರು ಬೇಡ. ಅಲ್ಲಿ ನೆಲ ಕೆದಕಿದರೆ ಫರ್ಸಿ ಕಲ್ಲು, ನೀವು ಶಹಾಬಾದ್ ಕಲ್ಲು ಎಂದು ಮನೆಗೆ ಹಾಸುವುದು. ಪದರ ಪದರವಾಗಿ ಏಳುತ್ತದೆ. ಊರಿನ ಅರ್ಧ ಗಂಡಸರು ಖಣಿಯಲ್ಲಿ ಕಲ್ಲು ಎಬ್ಬಿಸುವವರು. ಅದೇ ಊರಿನ ಅಂಚಿನಲ್ಲಿ, ಎರೆಮಣ್ಣು ಮುಗಿದು ಕಲ್ಲುನೆಲ ಸುರುವಾಗುವಲ್ಲಿ, ದೊಡ್ಡ ಗುಂಡುಕಲ್ಲುಗಳನ್ನು ದುಂಡಗೆ ನಿಲ್ಲಿಸಿದ ಸುತ್ತುಗಳು ಸಾಲಾಗಿದ್ದವು. ಒಂದೊಂದು ಸುತ್ತಿನ ನಡುವೆ ನೆಲದೊಳಗೆ ನಾಲ್ಕು ಹಾಸುಗಲ್ಲು ನಿಲ್ಲಿಸಿ, ಮೇಲೆ ಒಂದು ಮುಚ್ಚಿ ಮಾಡಿದ ಸಮಾಧಿ. ಕಬ್ಬಿಣ ಬಳಸತೊಡಗಿದ ಕಾಲದ ಜನ ಸತ್ತವರಿಗೆ ಮಾಡಿದ್ದು. ತಮ್ಮ ಮನೆಗಳನ್ನು ಹುಲ್ಲು ಮಣ್ಣಿನಲ್ಲಿ ಕಟ್ಟಿಕೊಂಡವರು ಸತ್ತವರಿಗೆ ಮಾತ್ರ ಕಲ್ಲಿನ ಮನೆ ಕೊಟ್ಟಿದ್ದರು.

ವೆಂಕೋಬರಾಯರು ಒಂದೇ ಒಂದನ್ನು ತೆರೆದರು. ಮುಚ್ಚುಗಲ್ಲನ್ನು ಒಡೆಯದೆ ಎತ್ತಬೇಕಾಗಿತ್ತು. ಅದಕ್ಕೆ ಊರವರು ಹುಸೇನಸಾಬರನ್ನು ಕರೆತಂದರು. ನಲವತ್ತರ ಆಸುಪಾಸಿನ ಮನುಷ್ಯ. ಖಣಿಯಲ್ಲಿ ಅವರಿಗೆ ದೊಡ್ಡ ಹೆಸರು. ಕಲ್ಲಿನ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ತಲೆ ವಾಲಿಸಿ ಕೇಳಿ, ಎಲ್ಲಿ ಏಳುತ್ತದೆ ಎಲ್ಲಿ ಒಡೆಯುತ್ತದೆ ಎಂದು ಹೇಳುವವರು. ಮುಚ್ಚುಗಲ್ಲು ಎತ್ತಿಸಿ ಪಕ್ಕಕ್ಕೆ ಇಳಿಸಿದ ಮೇಲೆ ಅವರು ಅದರ ಅಂಚನ್ನು ಬಹಳ ಹೊತ್ತು ಸವರಿ ನೋಡಿದರು.

‘ಈ ಕಲ್ಲು ಇಲ್ಲಿಂದಲ್ರಿ’ ಎಂದರು.

ವೆಂಕೋಬರಾಯರು ಹತ್ತಿರ ಬಂದರು. ‘ಹೇಗೆ ಹೇಳ್ತೀರಿ?’

‘ಈ ರಂಗಿನ ಪದರ ಇಲ್ಲಿ ಎಷ್ಟು ಅಗದ್ರೂ ಹತ್ತಂಗಿಲ್ರಿ. ಹಳ್ಳದ ಆಚಿ ದಂಡಿಗಿ ಅದ. ಅಲ್ಲಿಂದ ತಂದಾರ. ಇಲ್ಲಿ ನೋಡ್ರಿ, ಪದರಿನ ಸಂದಿನಾಗ ಬೆಣಿ ಬಡದಾರ. ನಾವೂ ಹಿಂಗೇ ಎಬ್ಬಸ್ತೀವಿ.’

‘ಹಳ್ಳದಾಚೆಯಿಂದ ಇದನ್ನ ತರಬೇಕಾದ್ರೆ ಎಷ್ಟು ಜನ ಬೇಕು?’

ಹುಸೇನಸಾಬರು ಹಳ್ಳದ ಕಡೆ ನೋಡಿ ಲೆಕ್ಕ ಹಾಕಿದರು. ‘ಇಪ್ಪತ್ತು ಮಂದಿ ಬೇಕ್ರಿ. ಅದೂ ಒಂದಿನದ ಕೆಲಸಲ್ಲ. ಒಬ್ಬ ಸತ್ತಿದ್ದಕ್ಕ ಊರಿಗಿ ಊರೇ ಬಂದದ.’

ವೆಂಕೋಬರಾಯರು ನನ್ನ ಕಡೆ ತಿರುಗಿ, ‘ಬರಕೊಂಡೆಯಾ? ಸಮಾಜ ಅಂತ ಪುಸ್ತಕದಲ್ಲಿ ಹತ್ತು ಪುಟ ಬರೀತಾರಲ್ಲ, ಅದು ಇದು’ ಎಂದರು. ಮರುದಿನ ಹುಸೇನಸಾಬರೇ ನಮ್ಮನ್ನು ಹಳ್ಳ ದಾಟಿಸಿ ಆ ಪದರ ತೋರಿಸಿದರು. ಅಲ್ಲಿ ಮಳೆ ತಿಂದ ಒಂದು ಹಳೆಯ ತಗ್ಗು ಇತ್ತು. ಆ ಕಾಲದವರ ಖಣಿ ಅದೇ.

ಉಳಿದ ಸುತ್ತುಗಳನ್ನು ತೆರೆಯೋಣವೇ ಎಂದು ನಾನು ಕೇಳಿದೆ. ನನಗೂ ಆಸೆ ಇತ್ತು. ವೆಂಕೋಬರಾಯರು ಬೇಡ ಎಂದರು. ‘ನಮಗೆ ಗೊತ್ತಿರೋದು ಸ್ವಲ್ಪ. ಮುಂದೆ ಬರೋರಿಗೆ ಹೆಚ್ಚು ಗೊತ್ತಿರುತ್ತೆ. ಅವರಿಗೆ ಬಿಡೋಣ. ನೀನು ಅಳತೆ ಮಾಡು, ಸಂರಕ್ಷಣೆಗೆ ಬರೆಯೋಣ.’ ಅವರು ಹೇಳಿದ ಮುಂದೆ ಬರುವವರು ನೀವು.

ನಾನು ಅಳೆದೆ. ಒಂದು ಕಲ್ಲೂ ಬಿಡದೆ ಅಳೆದೆ. ಅದು ನಾನು ಬರೆದ ನಕ್ಷೆಗಳಲ್ಲೆಲ್ಲ ಚೆನ್ನಾದದ್ದು. ಸರಪಳಿಯ ಕೊನೆ ಹಿಡಿಯಲು ಹುಸೇನಸಾಬರೇ ಬಂದರು, ಕೂಲಿಯವರನ್ನು ಹತ್ತಿರ ಬಿಡಲಿಲ್ಲ. ‘ಗೋರಿ ಅಂದ ಮ್ಯಾಲ ಗೋರಿನೇರಿ, ಯಾರದಾದ್ರೇನು’ ಎಂದು ಚಪ್ಪಲಿಯನ್ನು ದೂರ ಬಿಟ್ಟು ಬರುತ್ತಿದ್ದರು. ನನಗೆ ಅವರು ನಕಾಶಿ ಸಾಹೇಬ ಎಂದು ಹೆಸರಿಟ್ಟರು.

ಕೊನೆಯ ದಿನ ಹೊಲದ ಸರ್ವೆ ನಂಬರು ಬರೆಯುವುದಷ್ಟೇ ಉಳಿದಿತ್ತು. ಚಿತ್ತಾಪುರದ ತಹಸೀಲು ಕಚೇರಿಯಿಂದ ತಂದಿದ್ದ ಹಳ್ಳಿಯ ನಕಾಶೆಯನ್ನು ಒಂದು ಗುಂಡಿನ ಮೇಲೆ ಹರಡಿದೆ. ಹಳೆಯ ಕಾಗದ, ಮಡಿಸಿ ಮಡಿಸಿ ಸವೆದದ್ದು. ಒಂದು ಮಡಿಕೆ ಸರಿಯಾಗಿ ಆ ಹೊಲದ ಕೊನೆಯ ಅಂಕಿಯ ಮೇಲೇ ಹಾದಿತ್ತು. ಉರ್ದುವಿನ ಎರಡು ಮತ್ತು ಮೂರು ಅಕ್ಕತಂಗಿಯರ ಹಾಗೆ. ಎರಡರ ತಲೆಯಲ್ಲಿ ಒಂದು ಹಲ್ಲು ಕಮ್ಮಿ, ಮೂರಕ್ಕೆ ಒಂದು ಹೆಚ್ಚು. ನಾನು ಬಗ್ಗಿ ನೋಡುತ್ತಿದ್ದೆ. ಹುಸೇನಸಾಬರು ಕೈ ಮುಂದೆ ಮಾಡಿದರು.

‘ತರ್ರಿ ಇಲ್ಲಿ, ನಾ ಓದತೀನಿ. ನಾಕನೇ ತನಕ ಉರ್ದು ಶಾಳಿಗಿ ಹೋಗೀನಿ.’

ನಾನು ಕಾಗದ ಹಿಂದಕ್ಕೆ ಎಳೆದುಕೊಂಡೆ. ‘ಬೇಡ ಹುಸೇನಸಾಬ್ರೆ, ಸರ್ಕಾರದ ಕಾಗದ. ನನಗೆ ಬರುತ್ತೆ.’

‘ನಿಮಗ ಬರ್ತದ? ಹಂಗಾದ್ರ ಚಲೋ ಆಯ್ತು’ ಎಂದು ಅವರು ನಿಜವಾಗಿಯೂ ಸಂತೋಷಪಟ್ಟರು.

ಇಪ್ಪತ್ತು ಹೆಜ್ಜೆ ಆಚೆಗೆ ವೆಂಕೋಬರಾಯರು ನಿಂತಿದ್ದರು. ಕಲ್ಲು ಒಡೆಯುವವರ ಕೈಲಿ ಕಚೇರಿಯ ಕಾಗದ ಓದಿಸುವುದನ್ನು ಅವರು ನೋಡಬಾರದು ಅನ್ನಿಸಿತು. ನಾನು ಎರಡು ಎಂದು ಬರೆದೆ.

ಹೊರಡುವಾಗ ಹುಸೇನಸಾಬರಿಗೆ ಹೇಳಿದೆ: ‘ಇನ್ನು ಇಲ್ಲಿ ಯಾರೂ ಹಾರೆ ಹಾಕೋ ಹಾಗಿಲ್ಲ. ಸರ್ಕಾರದ ಹುಕುಂ ಬರುತ್ತೆ. ನೀವು ಸ್ವಲ್ಪ ನೋಡ್ಕೊಳ್ಳಿ.’

‘ನೋಡ್ಕೋತೀನ್ರಿ. ನೀವು ನಿಶ್ಚಿಂತಿಲೆ ಹೋಗ್ರಿ.’

ಹುಕುಂ ಬಂತು. ಸಂರಕ್ಷಿತ ಜಾಗಗಳ ಪಟ್ಟಿಯಲ್ಲಿ ಆ ಊರು ಸೇರಿತು. ಪಟ್ಟಿಯಲ್ಲಿ ನಕ್ಷೆ ಇರುವುದಿಲ್ಲ, ನಂಬರು ಮಾತ್ರ ಇರುತ್ತದೆ. ಆಮೇಲೆ ನನಗೆ ಬೇರೆ ಜಿಲ್ಲೆಗೆ ವರ್ಗವಾಯಿತು, ಮದುವೆಯಾಯಿತು, ಮಕ್ಕಳಾದವು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ಮೇಲೆ ಹಳೆಯ ಸಂರಕ್ಷಿತ ಜಾಗಗಳನ್ನೆಲ್ಲ ಮತ್ತೆ ನೋಡಿ ಬರಲು ಆಜ್ಞೆಯಾಯಿತು. ನನ್ನ ಪಾಲಿಗೆ ಈ ಕಡೆಯೇ ಬಂತು. ನಾನು ಕೇಳಿ ಹಾಕಿಸಿಕೊಂಡದ್ದು ಎಂದರೂ ಸರಿ, ಆ ಸುತ್ತುಗಳನ್ನು ಇನ್ನೊಮ್ಮೆ ನೋಡುವ ಆಸೆಯಿತ್ತು.

ಊರಿನ ಅಂಚಿಗೆ ಬಂದಾಗ ದಾರಿ ತಪ್ಪಿದೆ ಎಂದುಕೊಂಡೆ. ಕಲ್ಲಿನ ಸುತ್ತುಗಳಿದ್ದ ಕಡೆ ಒಂದು ತಗ್ಗು. ಆಳವಾದ, ಚೌಕನೆಯ, ನೀರು ನಿಂತ ಖಣಿ. ಒಂದು ಬದಿಯಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಪಕ್ಕದ ಹೊಲದಲ್ಲಿ ಆಳೆತ್ತರದ ತೊಗರಿಯ ನಡುವೆ ನಮ್ಮ ಇಲಾಖೆಯ ನೀಲಿ ಫಲಕ ನಿಂತಿತ್ತು: ಇಲ್ಲಿ ಅಗೆಯುವುದು, ಕೆಡಿಸುವುದು ಅಪರಾಧ. ಆ ಹೊಲದಲ್ಲಿ ಒಂದು ಕಲ್ಲೂ ಇರಲಿಲ್ಲ. ಫಲಕ ನೋಡುತ್ತ ನಿಂತಿದ್ದ ನನ್ನ ಹತ್ತಿರ ಹೊಲದವನು ಬಂದು, ‘ನೀವು ಆಫೀಸಿನವ್ರೇನ್ರಿ? ನನ್ನ ಹೊಲದಾಗ ಏನದ ಅಂತ ಇದನ್ನ ನೆಟ್ಟಾರ್ರಿ? ಬಾವಿ ತೋಡ್ಲಿಕ್ಕಿ ಬಿಡವಲ್ರು’ ಎಂದು ಕೇಳಿದ. ಆಗ ನನಗೆ ಗೊತ್ತಾಯಿತು. ಕಾಗದ ತೆಗೆದು ನೋಡುವುದೂ ಬೇಕಾಗಲಿಲ್ಲ.

ಹುಸೇನಸಾಬರ ಮನೆ ಕೇಳಿಕೊಂಡು ಹೋದೆ. ಶುಕ್ರವಾರ, ಮನೆಯಲ್ಲೇ ಇದ್ದರು. ನನ್ನನ್ನು ನೋಡಿ ಎದ್ದು ನಿಂತರು. ಗಡ್ಡ ಬೆಳ್ಳಗಾಗಿತ್ತು.

‘ಬರ್ರಿ ನಕಾಶಿ ಸಾಹೇಬ್ರ, ಭಾಳ ದಿನಕ್ಕ ಬಂದ್ರಿ. ಕುಂದ್ರಿ.’

ಖಣಿಯ ಕೆಲಸ ಹೇಗಿದೆ ಎಂದು ಕೇಳಿದೆ. ‘ಈಗ ಗುತ್ತೇದಾರ್ರು ಯಾರೂ ಕರ್ಯಂಗಿಲ್ರಿ. ವಾಡಿ ಸ್ಟೇಷನ್ನಿನ್ಯಾಗ ಮಾಲು ಇಳಸ್ಲಿಕತ್ತೀನಿ’ ಎಂದರು. ಅಷ್ಟು ನಾಜೂಕಿನ ಕೈ ಮೂಟೆ ಇಳಿಸುತ್ತಿತ್ತು. ಆಮೇಲೆ ನಾನು ಕೇಳದೆಯೇ ಹೇಳಿದರು.

‘ಖಣಿ ಗುತ್ತೇದಾರನ ಮಂದಿ ಕಲ್ಲು ಎಬ್ಬಸ್ಲಿಕ್ಕಿ ಬಂದಾಗ ನಾ ಅಡ್ಡ ಕುಂತೆರಿ. ಹನ್ನೊಂದು ದಿನ ಆ ಕಲ್ಲಿನ ಮ್ಯಾಲೇ ಕುಂತೆ. ಇದು ಸರ್ಕಾರದ್ದದ, ನಕಾಶಿ ಸಾಹೇಬ್ರು ಹೇಳ್ಯಾರ ಅಂದೆ. ಅವರು ಕಾಗದ ತಂದು, ಇದ್ರಾಗ ಈ ಹೊಲ ಇಲ್ಲ ಅಂದ್ರು. ನಾ ಊರಿನ ಹಳೀ ನಕಾಶಿ ತೆಗಿಸಿ ನೋಡ್ದೆ. ನೀವು ಎರಡು ಬರ್ದೀರಿ, ಅದು ಮೂರು. ಆವತ್ತೇ ನಿಮಗ ಪತ್ರ ಬರ್ದೆ. ನಿಮಗ ಉರ್ದು ಬರ್ತದಲ್ಲ ಅಂತ ಉರ್ದುವಿನ್ಯಾಗೇ ಬರ್ದೆ. ಮ್ಯಾಲಿನ ವಿಳಾಸ ಮಾಸ್ತರ ಕಡಿಂದ ಹಾಕ್ಸಿದೆ.’ ಆಮೇಲೆ ಅವರೇ, ‘ಟಪಾಲಿನ್ಯಾಗ ಎಲ್ಲ್ಯೋ ಹೋಗಿರಬೇಕು ಬಿಡ್ರಿ’ ಎಂದರು.

ಪತ್ರ ಟಪಾಲಿನಲ್ಲಿ ಕಳೆದುಹೋಗಿರಲಿಲ್ಲ. ನನ್ನ ಮೇಜಿಗೇ ಬಂದಿತ್ತು. ಲಕೋಟೆಯ ಮೇಲೆ ನನ್ನ ಹೆಸರು ಕನ್ನಡದಲ್ಲಿ, ಒಳಗೆ ಒಂದು ಹಾಳೆ ತುಂಬ ಉರ್ದು. ಕೆಲಸ ಕೊಡಿಸಿ ಎಂದು ಆ ಕಡೆಯ ಕೂಲಿಗಳು ಆಗಾಗ ಬರೆಯುತ್ತಿದ್ದರು, ಅಂಥದೇ ಇರಬೇಕು ಎಂದುಕೊಂಡೆ. ನಮ್ಮ ಕಚೇರಿಯ ಎದುರಿಗೇ ಒಬ್ಬ ಉರ್ದು ಬಲ್ಲ ದರ್ಜಿ ಇದ್ದ. ರಸ್ತೆ ದಾಟಿದ್ದರೆ ಸಾಕಿತ್ತು. ಉರ್ದು ಬಲ್ಲವನೆಂದು ಕಚೇರಿಯಲ್ಲಿ ಹೆಸರಾಗಿದ್ದ ನಾನು ದರ್ಜಿಯ ಕೈಲಿ ಪತ್ರ ಓದಿಸುವುದು ಹೇಗೆ? ಇತರೆ ಕಾಗದಗಳ ಫೈಲಿಗೆ ಸೇರಿಸಿ ದಾರ ಕಟ್ಟಿದೆ.

ಇಷ್ಟೂ ಆ ಕ್ಷಣದಲ್ಲಿ ನೆನಪಾಯಿತು. ಹುಸೇನಸಾಬರು ನನ್ನ ಮುಖವನ್ನೇ ನೋಡುತ್ತಿದ್ದರು.

‘ಇರಬಹುದು’ ಎಂದೆ.

ಈ ಒಂದು ಮಾತಿಗೆ ನಾನು ಪಟ್ಟಷ್ಟು ನಾಚಿಕೆಯನ್ನು ಆ ಅಂಕಿಗೂ ಪಟ್ಟಿಲ್ಲ.

ವೆಂಕೋಬರಾಯರು ಆಗ ನಿವೃತ್ತಿಯ ಅಂಚಿನಲ್ಲಿದ್ದರು. ಅವರ ಬಳಿ ಹೋಗಿ ನಂಬರು ತಪ್ಪಾಗಿದ್ದನ್ನು ಹೇಳಿದೆ. ‘ನಿನಗೆ ಉರ್ದು ಬರುತ್ತಿತ್ತಲ್ಲಪ್ಪ’ ಎಂದರು. ಬರುತ್ತಿರಲಿಲ್ಲ ಸರ್, ಅಂಕಿ ಮಾತ್ರ ಬರುತ್ತಿತ್ತು ಎಂದೆ. ಅವರು ನನ್ನ ಮುಖ ನೋಡಿದರು. ಈ ಸಲ ಬೇರೆ ಕಡೆ ತಿರುಗಲಿಲ್ಲ, ನೋಡುತ್ತಲೇ ಇದ್ದರು. ‘ಕಲ್ಲೇ ಇಲ್ಲದ ಮೇಲೆ ನಂಬರು ತಿದ್ದಿ ಏನು ಮಾಡೋದು? ಆ ಹೊಲದವನಿಗಾದರೂ ಅವನ ಹೊಲ ಬಿಡಿಸಿಕೊಡು’ ಎಂದರು. ಅದಕ್ಕೆ ನಾನು ವರ್ಷಗಟ್ಟಲೆ ಬರೆದೆ. ಇಲ್ಲದ್ದನ್ನು ಪಟ್ಟಿಗೆ ಸೇರಿಸಲು ಒಂದು ಗೆರೆ ಸಾಕಾಗಿತ್ತು, ತೆಗೆಸಲು ಒಂದು ಕಟ್ಟು ಕಾಗದ ಬೇಕಾಯಿತು. ಕೊನೆಗೂ ಫಲಕ ಕಿತ್ತರು, ಅವನು ಬಾವಿ ತೋಡಿದ, ನೀರೂ ಬಿತ್ತು. ನಾನು ತಿದ್ದಲು ಸಾಧ್ಯವಾದದ್ದು ಅದೊಂದೇ.

ತೆರೆಯದೆ ಬಿಟ್ಟ ಆ ಸುತ್ತುಗಳ ಕೆಳಗೆ ಏನಿತ್ತು ಎಂದು ಈಗ ಯಾರಿಗೂ ತಿಳಿಯುವುದಿಲ್ಲ. ಇಪ್ಪತ್ತು ಮಂದಿ ಹಳ್ಳ ದಾಟಿಸಿ ಕಲ್ಲು ಹೊತ್ತು ತಂದದ್ದು ದೊರೆಗೋ, ಕಮ್ಮಾರನಿಗೋ, ಹೆರಿಗೆಯಲ್ಲಿ ಸತ್ತವಳಿಗೋ, ಎಲ್ಲರಿಗೂ ಹಾಗೆ ಹೊರುತ್ತಿದ್ದರೋ, ಕೆಲವರಿಗೆ ಮಾತ್ರವೋ? ಒಂದು ಊರು ಯಾವಾಗ ಮೇಲು ಕೀಳಾಗಿ ಒಡೆಯಿತು ಎಂಬುದು ಅಂಥ ಸಮಾಧಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ತಿಳಿಯುತ್ತದೆ ಎಂದು ವೆಂಕೋಬರಾಯರು ಹೇಳುತ್ತಿದ್ದರು. ನಮ್ಮಲ್ಲಿ ಉಳಿದಿರುವುದು ಅಂದು ತೆರೆದದ್ದು ಒಂದೇ. ಒಂದನ್ನು ಯಾವುದರ ಪಕ್ಕ ಇಡುತ್ತೀರಿ? ನಿಮಗೆಂದು ಬಿಟ್ಟಿದ್ದ ಕೆಲಸ ಅದು. ನನ್ನ ನಕ್ಷೆ ಈಗಲೂ ಕಚೇರಿಯಲ್ಲಿದೆ, ಬಹಳ ಚೆನ್ನಾಗಿದೆ.

ನಿಮಗೆ ನಾನು ಹೇಳುವುದು ಇಷ್ಟೇ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ. ನೀವು ಕೆಲಸ ಮಾಡುವ ಊರಿನವರು ಕೈ ಮುಂದೆ ಮಾಡಿದಾಗ ಕಾಗದ ಅವರ ಕೈಗೆ ಕೊಡಿ. ಮಣ್ಣು ಹೊರುವವರಿಗೆ, ಕಲ್ಲು ಎಬ್ಬಿಸುವವರಿಗೆ ನಮಗಿಂತ ಮೊದಲು ಗೊತ್ತಾಗುವುದು ಬಹಳ ಇದೆ.

ನೌಕರಿಯ ಕೊನೆಯ ವರ್ಷಗಳಲ್ಲಿ ಹಳೆಯ ಕಚೇರಿಗೆ ಹೋಗಿ ಆ ಫೈಲು ಹುಡುಕಿದೆ. ಪತ್ರ ಅಲ್ಲೇ ಇತ್ತು, ನಾನು ಕಟ್ಟಿದ ದಾರದಲ್ಲೇ. ಅದನ್ನು ಯಾರಿಂದಲೂ ಓದಿಸಲಿಲ್ಲ. ನಿವೃತ್ತರಾದ ಒಬ್ಬ ಉರ್ದು ಮಾಸ್ತರರ ಹತ್ತಿರ ದಿನಾ ಸಂಜೆ ಕೂತು ಅಲಿಫ್‌ನಿಂದ, ಮೊದಲ ಅಕ್ಷರದಿಂದ, ಕಲಿತೆ. ವರ್ಷದ ಮೇಲಾಯಿತು. ಒಂದು ದಿನ ಪತ್ರ ಬಿಡಿಸಿ ನಾನೇ ಓದಿದೆ. ಸಲಾಮು ಹೇಳಿ, ಮನೆಯವರೆಲ್ಲ ಕ್ಷೇಮವೇ ಎಂದು ಕೇಳಿ, ಆಮೇಲೆ ಬರೆದಿದ್ದರು: ಹೊಲದ ಕೊನೆಯ ಅಂಕಿ ಎರಡಲ್ಲ, ಮೂರು. ಅವಸರದಲ್ಲಿ ಆಗಿರಬೇಕು. ಗುತ್ತೇದಾರರ ಜನ ಬಂದಿದ್ದಾರೆ. ನಾನು ಕಲ್ಲಿನ ಮೇಲೆ ಕುಳಿತಿದ್ದೇನೆ. ನೀವು ಒಂದು ಸಲ ಬಂದು ಮಾತಾಡಿದರೆ ಸಾಕು. ನೀವು ಬರುವ ತನಕ ಏಳುವುದಿಲ್ಲ.

ಪತ್ರ ಜೇಬಿನಲ್ಲಿಟ್ಟುಕೊಂಡು ಮತ್ತೆ ಆ ಊರಿಗೆ ಹೋದೆ. ಹುಸೇನಸಾಬರಿಗೆ ಮೂಟೆ ಹೊರುವ ಶಕ್ತಿ ಹೋಗಿತ್ತು, ಮಗನ ಮನೆಯ ಮುಂದೆ ಹೊರಸಿನ ಮೇಲೆ ಕೂತಿದ್ದರು. ನಾನು ಎದುರು ಕೂತು, ಹೇಗೆ ಹೇಳುವುದು ಎಂದು ತಿಳಿಯದೆ, ಪತ್ರ ತೆಗೆದು ಅವರ ಕೈಯಲ್ಲಿಟ್ಟೆ. ಅವರು ಬಿಡಿಸಿ, ಕಣ್ಣಿನ ಹತ್ತಿರ ಹಿಡಿದು, ತಮ್ಮದೇ ಅಕ್ಷರವನ್ನು ಸ್ವಲ್ಪ ಹೊತ್ತು ನೋಡಿದರು.

‘ಮುಟ್ಟಿತ್ತೇನ್ರಿ ಇದು?’

‘ಮುಟ್ಟಿತ್ತು. ಆಗಲೇ ಮುಟ್ಟಿತ್ತು. ನನಗೆ ಓದಲು ಬರುತ್ತಿರಲಿಲ್ಲ, ಯಾರನ್ನೂ ಕೇಳಲಿಲ್ಲ. ಆವತ್ತು ನಿಮ್ಮ ಮುಂದೆ ಸುಳ್ಳು ಹೇಳಿದೆ.’

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಲಿ ಎಂದೇ ನಾನು ಹೋಗಿದ್ದೆ. ಪತ್ರವನ್ನು ಮೊದಲಿದ್ದ ಮಡಿಕೆಗಳಲ್ಲೇ ಮಡಿಸಿ ಮೊಣಕಾಲಿನ ಮೇಲೆ ಇಟ್ಟುಕೊಂಡು, ಖಣಿಯಿದ್ದ ಕಡೆಗೆ ಮುಖ ಮಾಡಿ ಕೂತರು.

‘ಟಪಾಲಿನವ್ರದು ತಪ್ಪು ಅಂತ ತಿಳ್ಕೊಂಡು ಇಷ್ಟು ವರ್ಷ ಸಮಾಧಾನ ಇದ್ದೆರಿ’ ಎಂದರು.